ದಿಂಬಿನ ಕವರು

ಮಾರ್ಚ್ ೯, ಭಾನುವಾರ

ಪ್ರೀತಿಯ ಅಮ್ಮ,

ಇವತ್ತು ಬೆಳಿಗ್ಗೆ ಬ್ರೆಡ್ ಕಚ್ಚಿ ನೋಡಿದರೆ, ಉಳಿದ ತುಂಡಿನ ಅಂಚಿನಲ್ಲಿ ನನ್ನ ಹಲ್ಲಿನ ಸಾಲು ಕೆಂಪಗೆ ಮೂಡಿತ್ತು. ತಿನ್ನಲಾಗದೆ, ಬಿಸಾಡಲೂ ಮನಸ್ಸಾಗದೆ ತಟ್ಟೆಯಲ್ಲಿಟ್ಟುಕೊಂಡು ನಿನಗೆ ಬರೆಯಲು ಕೂತಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರಲಿಲ್ಲವೆಂದು ಬೇಜಾರಾಗಬೇಡ. ಬರೆಯಲು ಕೂತಾಗಲೆಲ್ಲ 'ಚೆನ್ನಾಗಿದ್ದೇನೆ' ಎಂಬಲ್ಲಿಗೆ ಪೆನ್ನು ನಿಂತುಬಿಡುತ್ತಿತ್ತು. ಮಂಡಿನೋವು ಹೇಗಿದೆ?

ಕೋಣೆ ಪರವಾಗಿಲ್ಲ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಮಾಲೀಕರ ಹೆಂಡತಿ ಒಳ್ಳೆಯವರು, ಬಟ್ಟೆ ಒಣಹಾಕಲು ತಾರಸಿಯ ಹಗ್ಗದಲ್ಲಿ ಅರ್ಧ ನನಗೆ ಬಿಟ್ಟುಕೊಟ್ಟಿದ್ದಾರೆ.

ಕೆಲಸದ ಬಗ್ಗೆ ನೀನು ಕೇಳಿದ್ದೆ. ಶಾಲಾ ಪುಸ್ತಕಗಳ ಕರಡು ತಿದ್ದುವುದು ನನಗಿಷ್ಟವೇ. ಆದರೆ ಇಲ್ಲೊಂದು ಪದ್ಧತಿಯಿದೆ. ಯಾರು ತಿದ್ದಿದ ಪುಟದಲ್ಲಿ ತಪ್ಪು ಉಳಿದಿದೆಯೋ ಅವರು ಸೋಮವಾರ ಎಲ್ಲರೆದುರು ಎದ್ದು ನಿಂತು, ಆ ಸಾಲನ್ನು ತಪ್ಪಿನ ಸಮೇತ ಗಟ್ಟಿಯಾಗಿ ಓದಬೇಕು. ಮೇಲ್ವಿಚಾರಕರು "ಇನ್ನೊಂದ್ಸಲ" ಅನ್ನುತ್ತಾರೆ. ಅವರಿಗೆ ಸಾಕೆನಿಸುವವರೆಗೂ ಓದಬೇಕು. ತರಗತಿಯಲ್ಲಿ ಹಾಜರಿ ಹೇಳಲೂ ನಾಚುತ್ತಿದ್ದವಳು ನಾನು. ಶುಕ್ರವಾರದಿಂದಲೇ ದವಡೆ ಬಿಗಿಯುತ್ತದೆ. ನಿದ್ದೆಯಲ್ಲೂ ಹಲ್ಲು ಕಡಿಯುತ್ತೇನಂತೆ. ಪಕ್ಕದ ಕೋಣೆಯ ನರ್ಸ್, "ಅದೇನ್ರೀ, ರಾತ್ರಿಯೆಲ್ಲಾ ಕಲ್ಲು ಅಗೀತಿರ್ತೀರಾ?" ಎಂದು ತಮಾಷೆ ಮಾಡಿದರು.

ಹೋದ ಸೋಮವಾರ ಓದುತ್ತಿದ್ದಾಗ ಬಾಯಲ್ಲಿ ಉಪ್ಪುಪ್ಪಾಯಿತು. ಮೇಲ್ವಿಚಾರಕರು ಬಗ್ಗಿ ನೋಡಿದರು. "ಏನಮ್ಮಾ, ಲಿಪ್‌ಸ್ಟಿಕ್ಕು ಹಲ್ಲಿಗೂ ಹಚ್ಕೊಂಡ್ ಬಂದಿದೀಯಾ?" ಎಲ್ಲರೂ ನಕ್ಕರು. ನಾನೂ ನಕ್ಕೆ, ಬಾಯಿ ಮುಚ್ಚಿಕೊಂಡು.

ಕೊನೆಗೆ ನರ್ಸೇ ನನ್ನನ್ನು ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಡಾಕ್ಟರು ವಯಸ್ಸಾದ ಹೆಂಗಸು, ಕೈ ಬಹಳ ಹಗುರ. ಒಸಡು ಊದಿ ಹಲ್ಲಿನಿಂದ ಬಿಟ್ಟುಕೊಂಡಿದೆ, ಒಂದು ಹಲ್ಲು ಅಲುಗುತ್ತಿದೆ ಎಂದರು.

"ದಿನಾ ಉಜ್ತೀಯೇನಮ್ಮಾ?"

"ಕೆಲವು ರಾತ್ರಿ ಹಾಗೇ ಮಲಗಿಬಿಡ್ತೀನಿ."

"ನಿದ್ದೆ ಬರುತ್ತಾ?"

"ಅಷ್ಟಾಗಿ ಇಲ್ಲ."

"ಯಾವುದಕ್ಕೆ ಹೆದರ್ತಿದೀಯಾ?"

ಹಲ್ಲಿನ ಡಾಕ್ಟರು ಕೇಳುವ ಪ್ರಶ್ನೆಯೇ ಅದು! ಒಸಡಿಗೆ ಶತ್ರು ಹಲ್ಲಿನ ಬುಡದ ಕೊಳೆಯೇ, ಆದರೆ ಮನಸ್ಸು ಸದಾ ಬಿಗಿಯಾಗಿದ್ದರೆ ಅದನ್ನು ತಡೆಯುವ ಶಕ್ತಿ ಮೈಗೆ ಕಡಿಮೆಯಾಗುತ್ತದೆ, ಅದರ ಮೇಲೆ ಹಲ್ಲು ಬೇರೆ ಕಡಿದರೆ ಕೇಳಲೇಬೇಡ ಎಂದು ಬಿಡಿಸಿ ಹೇಳಿದರು. "ಕ್ಲೀನ್ ಮಾಡ್ಕೊಡ್ತೀನಿ. ಮಿಕ್ಕಿದ್ದು ನನ್ನ ಕೈಲಿಲ್ಲ ಕಣಮ್ಮಾ."

'ಹೊಂದಿಕೊಂಡು ಹೋಗು, ಎದುರಾಡಬೇಡ' ಎಂದು ಬರೆದಿದ್ದೀಯ. ಆಯಿತಮ್ಮ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ
ಚಿಕ್ಕವಳು

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಇದನ್ನು ಅಪ್ಪನಿಗೆ ತೋರಿಸಬೇಡ.

ಡಾಕ್ಟರು ಇನ್ನೊಂದು ಮಾತು ಕೇಳಿದ್ದರು. "ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ?" ಅಮ್ಮನಿಗೆ, ನಲವತ್ತು ತುಂಬುವ ಮೊದಲೇ ಎಲ್ಲ ಹಲ್ಲೂ ಹೋದವು ಎಂದೆ. "ಅವರಿಗೂ ಇಂಥದ್ದೇ ಕೆಲಸವಿತ್ತಾ?"

"ಕೆಲಸಕ್ಕೆ ಹೋಗ್ತಿರ್ಲಿಲ್ಲ. ಅಪ್ಪನ ಜೊತೆ ಇದ್ರು."

ಹಾಗೇ ಬಾಯಿಗೆ ಬಂದುಬಿಟ್ಟಿತು. ಡಾಕ್ಟರು ಕೈಗವಸು ಬಿಚ್ಚಿ ನನ್ನ ತಲೆ ಸವರಿದರು.

ಅಪ್ಪ ಏಳುವ ಮೊದಲೇ ನೀನು ದಿಂಬಿನ ಕವರಿನ ಕೆಂಪು ಕಲೆಯನ್ನು ತಣ್ಣೀರಿನಲ್ಲಿ ಉಜ್ಜುತ್ತಿದ್ದುದನ್ನು ನಾನು ನೋಡುತ್ತಿದ್ದೆ, ಅಮ್ಮ. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದಾದರೆ, ಬಾಯಲ್ಲಿನ ತುತ್ತನ್ನು ಅಗಿಯುವುದನ್ನೇ ನೀನು ನಿಲ್ಲಿಸುತ್ತಿದ್ದೆ. ಸಿಹಿ ತಿಂದೂ ತಿಂದೂ ಹಲ್ಲು ಹಾಳಾಯಿತು ಎನ್ನುತ್ತಿದ್ದೆ. ನೀನು ಸಿಹಿ ತಿಂದದ್ದನ್ನು ನಾನು ಒಂದು ದಿನವೂ ಕಂಡಿಲ್ಲ.

ಈಗ ತಾರಸಿಯ ಅರ್ಧ ಹಗ್ಗದ ಮೇಲೆ ನನ್ನ ದಿಂಬಿನ ಕವರು ಒಣಗುತ್ತಿದೆ. ಕಲೆ ಪೂರ್ತಿ ಹೋಗಿಲ್ಲ.

ಮೇಲೆ 'ಆಯಿತಮ್ಮ' ಎಂದು ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಿ ಓದಿಕೋ. ಈ ವಾರವೂ ನನ್ನ ಪುಟದಲ್ಲೊಂದು ತಪ್ಪು ಸಿಕ್ಕಿದೆ. ನಾಳೆ ಕರೆಯುತ್ತಾರೆ. ತಪ್ಪನ್ನು ತಿದ್ದಿಕೊಡುತ್ತೇನೆ. ಎದ್ದು ನಿಲ್ಲುವುದಿಲ್ಲ.