ಕೆಂಪು ಗಂಟಿನ ಪುಸ್ತಕ

ಹೊಳಲ್ಕೆರೆ
೫ ಅಕ್ಟೋಬರ್ ೨೦೦೬

ಅಕ್ಕ ಅನುಸೂಯಳಿಗೆ ತಮ್ಮ ನಿರಂಜನನ ನಮಸ್ಕಾರ.

ನಾನೂ ಅವ್ವನೂ ಚೆನ್ನಾಗಿದ್ದೇವೆ. ನಿನ್ನ ಕ್ಷೇಮ ಆಮೇಲೆ ಕೇಳುತ್ತೇನೆ, ಮೊದಲು ಅಪ್ಪನ ಪುಸ್ತಕ ಎಲ್ಲಿ ಹೇಳು.

ಹಬ್ಬದ ಹೊತ್ತಿಗೆ ಹಿರಿಯೂರಿನಿಂದ ನಿನ್ನ ಸಿ.ಡಿ. ಬಂತು. ‘ಅಪ್ಪನ ಪದ್ಯಗಳು, ಇನ್ನು ಗೆದ್ದಲ ಭಯವಿಲ್ಲ’ ಎಂದು ಮೇಲೆ ಬರೆದಿದ್ದೆ. ನನಗೆ ಸಂತೋಷಕ್ಕಿಂತ ಮೊದಲು ಅನುಮಾನ ಬಂತು. ಅಪ್ಪ ರಾಮಗಿರಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಾ ಕಟ್ಟಿದ ಪದ್ಯ, ದುರ್ಗದಲ್ಲಿ ಅಚ್ಚು ಹಾಕಿಸಿದ್ದು, ಉಳಿದಿರುವುದು ಒಂದೇ ಪ್ರತಿ. ಅದು ನಮ್ಮ ಮನೆಯಲ್ಲಿ ಕೆಂಪು ಬಟ್ಟೆಯ ಗಂಟಿನಲ್ಲಿ ಸರಸ್ವತಿ ಪೂಜೆಗೆ ಕೂತಿತ್ತು. ಹಾಗಾದರೆ ಸಿ.ಡಿ.ಯೊಳಕ್ಕೆ ಹೋದದ್ದು ಯಾವುದು?

ಪೂಜೆಗಿಟ್ಟಿದ್ದನ್ನು ಮುಟ್ಟುವಂತಿಲ್ಲ. ವಿಜಯದಶಮಿಯ ದಿನ ಬಿಚ್ಚಿದೆ. ಒಳಗಿದ್ದದ್ದು ಹಳೇ ರೈಲ್ವೆ ವೇಳಾಪಟ್ಟಿ. ಅದಕ್ಕೇ ನಾನು ಸೇವಂತಿಗೆ ಏರಿಸಿ, ಕಾಯಿ ಒಡೆದು, ಬುದ್ಧಿ ಕೊಡು ತಾಯಿ ಎಂದು ಕೈಮುಗಿದದ್ದು. ಗಂಟು ಬಿಚ್ಚಿತು, ನಂಟು ಬೆಚ್ಚಿತು ಅಕ್ಕ.

ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಸಿ.ಡಿ. ಹಾಕಿಸಿ ನೋಡಿದೆ. ಪುಟಪುಟದ ಫೋಟೋಗಳು, ನಮ್ಮ ಪ್ರತಿಯವೇ. ನಾನು ಚಿಕ್ಕವನಿದ್ದಾಗ ಮೊದಲ ಪುಟದಲ್ಲಿ ಗೀಚಿದ ರೈಲು ಹಾಗೇ ಇದೆ. ಪುಟ ಮಗುಚದಂತೆ ಅಂಚನ್ನು ಒತ್ತಿ ಹಿಡಿದ ಒಂದು ಹೆಬ್ಬೆರಳೂ ಫೋಟೋದಲ್ಲಿ ಬಂದಿದೆ. ಉಗುರು ನಡುವೆ ಸೀಳಿದೆ. ನಿನ್ನದಲ್ಲ. ಈ ಕಳ್ಳತನಕ್ಕೆ ಯಾರನ್ನು ಜೊತೆಗೆ ಹಾಕಿಕೊಂಡೆ? ಅವ್ವನನ್ನು ಕೇಳಿದರೆ, ‘ನಂಗೇನ್ ಗೊತ್ತಪ್ಪ, ನಾನೇನ್ ಓದು ಬಲ್ಲೋಳಾ’ ಎಂದು ರೊಟ್ಟಿ ತಟ್ಟಲು ಹೋದಳು.

ಸಿ.ಡಿ. ನಿನಗಿರಲಿ, ಪುಸ್ತಕ ನನಗೆ ಬರಲಿ. ಅದು ಬಾರದಿದ್ದರೆ ದೀಪಾವಳಿಗೆ ನೀನೂ ಬರಬೇಡ.

ಇಂತಿ, ಸದ್ಯಕ್ಕೆ ನಿನ್ನ ತಮ್ಮ,
ನಿರಂಜನ

ತಾ.ಕ.: ಲಕೋಟೆ ಅಂಟಿಸಲೆಂದು ಅವ್ವ ಅನ್ನದ ಅಗುಳು ತಂದು ಹೆಬ್ಬೆರಳಲ್ಲಿ ನುರಿದಳು. ಸೀಳಿದ ಉಗುರು. ಇಷ್ಟು ವರ್ಷ ಆ ಕೈಯ ರೊಟ್ಟಿ ತಿಂದಿದ್ದೇನೆ, ಕೈ ನೋಡಿರಲಿಲ್ಲ. ಕೇಳಿದೆ. ‘ಹೂಂ, ಯುಗಾದಿಗೆ ಹಿರಿಯೂರಿಗೆ ಹೋದಾಗ ನಾನೇ ಒಯ್ದೆ. ನಿನ್ ಪೂಜೆ ತಪ್ಪಬಾರ್ದು ಅಂತ ಆ ರೈಲಿನ ಪುಸ್ತಕ ಕಟ್ಟಿಟ್ಟೆ. ಇಲ್ಲಿ ಹೂವ ಏರ್ಸೋಕೆ ನೀನಿದೀಯ, ಓದಿ ಹೇಳೋರು ಯಾರವ್ರೆ? ಅನುಸೂಯ ಓದಿದ್ರೆ ನಿಮ್ಮಪ್ಪನ ಮಾತು ಕೇಳ್ದಂಗಾಗ್ತೈತೆ’ ಎಂದಳು.

ಪುಸ್ತಕ ಅಲ್ಲೇ ಇರಲಿ, ನೀನು ಬಾ. ಮೇಲಿನ ಬೈಗುಳ ಹೊಡೆದುಹಾಕುತ್ತಿದ್ದೆ, ಪ್ರಾಸ ಚೆನ್ನಾಗಿ ಕೂತಿದೆಯೆಂದು ಬಿಟ್ಟಿದ್ದೇನೆ. ಸಿ.ಡಿ.ಯನ್ನಾದರೂ ಕೆಂಪು ಬಟ್ಟೆಯಲ್ಲಿ ಕಟ್ಟಿಡೋಣವೆಂದು ಹೊರಟೆ. ಅವ್ವ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ‘ಇದ್ನೂ ಗಂಟು ಕಟ್ತೀಯೇನಲೇ? ನಡಿ, ಆ ಕಂಪ್ಯೂಟರ್ ಅಂಗ್ಡಿಗೆ ಹೋಗಾಣ. ಇವತ್ತು ನೀನು ಓದು.’