ಹಾಸ್ಟೆಲಿನ ಗಾದಿ

ಆಗಸ್ಟ್ 4, ಸೋಮವಾರ — ಬಸ್ಸಿನಲ್ಲಿ

ಇವತ್ತೂ ಕಿಟಕಿ ಸೀಟು ಹಿಡಿದೆ. ಯರಗುಪ್ಪಿಯಿಂದ ಹುಬ್ಬಳ್ಳಿವರೆಗೆ ನಿದ್ದೆ. ಆಮೇಲೆ ಎಚ್ಚರ — ಯೂನಿವರ್ಸಿಟಿ ಗೇಟು ಬರುತ್ತದಲ್ಲ. ಒಂದು ವರ್ಷದಿಂದ ಇದೇ ಚಟ. ಆ ಗೇಟು ದಾಟಿ ಊರಾಚೆ ಹೋದರೆ ನಮ್ಮ ಕಾಲೇಜು. ಲ್ಯಾಬಿನಲ್ಲಿ ಹತ್ತು ಜನಕ್ಕೊಂದು ಮೀಟರು, ಅದಕ್ಕೂ ಮೂಡು ಬರಬೇಕು. ಯೂನಿವರ್ಸಿಟಿಯವರು ಕತ್ತಲಾಗುವ ತನಕ ಲ್ಯಾಬಿನಲ್ಲೇ ಕೂರಬಹುದಂತೆ. ಕೇಳಿಯೇ ಹೊಟ್ಟೆ ಉರಿಯಿತು.

ಎಲೆಕ್ಟ್ರಾನಿಕ್ಸ್ ಸೆಕೆಂಡ್ ಇಯರಿಗೆ ಅಲ್ಲಿ ಒಂದೇ ಸೀಟು ಖಾಲಿ. ಟ್ರಾನ್ಸ್‌ಫರ್‌ಗೆ ಅರ್ಜಿ ಹಾಕಿದ್ದೇನೆ. ಈ ವರ್ಷ ತಪ್ಪಿದರೆ ಮುಗಿಯಿತು, ಮೂರನೇ ವರ್ಷಕ್ಕೆ ಹೊರಗಿನವರನ್ನು ತೆಗೆದುಕೊಳ್ಳುವುದಿಲ್ಲ. ಬೇಕು. ನನಗದು ಬೇಕೇ ಬೇಕು.

ಆಗಸ್ಟ್ 7, ಗುರುವಾರ

ಇಂಟರ್‌ವ್ಯೂ ಆಯಿತು. ಅಪ್ಪನೂ ಬಂದಿದ್ದ. ಇಸ್ತ್ರಿ ಅಂಗಿ, ಆದರೆ ಕೂದಲಲ್ಲಿ ಅರಳೆ ಹಾಗೇ ಇತ್ತು. ಡಯೋಡ್ ಬಗ್ಗೆ ಕೇಳಿದರು. ಒಂದು ಬಿಟ್ಟು ಎಲ್ಲ ಹೇಳಿದೆ. ಹೊರಗೆ ಬಂದರೆ ಅಪ್ಪ ಹಾಸ್ಟೆಲ್ ಮೇಡಂ ಜೊತೆ ಮಾತಿಗಿಳಿದಿದ್ದಾನೆ.

"ಗಾದಿ ನಾವ ತರಬೇಕೇನ್ರಿ?"

"ಹೌದ್ರಿ, ನೀವ ತರಬೇಕು."

ಅಷ್ಟೇ. ಗಾದಿ ಹೊಲಿಯುವುದೇ ಕಸುಬಾದ ಮನುಷ್ಯನಿಗೆ ಇನ್ನೇನು ಬೇಕು? ಸೀಟು ಸಿಕ್ಕಿತು ಅಂತಲೇ ಲೆಕ್ಕ. ದಾರಿಯುದ್ದಕ್ಕೂ ಅರಳೆಯದೇ ಮಾತು.

ಆಗಸ್ಟ್ 10, ಭಾನುವಾರ

ಅಪ್ಪ ಶುರು ಮಾಡಿಯೇ ಬಿಟ್ಟ. ಹೊಸ ಅರಳೆ, ಹೂವಿನ ಬಟ್ಟೆ. ನಮ್ಮ ಮನೆಯಲ್ಲಿ ಹೆಣ್ಣುಮಗಳಿಗೆ ಹೊಸ ಗಾದಿ ಹೊಲಿಯುವುದು ಲಗ್ನ ಗೊತ್ತಾದಾಗ ಮಾತ್ರ. ಅತ್ತೆಯರಿಬ್ಬರಿಗೂ ಹಾಗೇ ಆಗಿತ್ತು. ಓಣಿಗೆಲ್ಲ ಗೊತ್ತು. ಬಾಜೂಮನೆ ದುಂಡವ್ವ ಆಯಿ ಬಂದು ಬಟ್ಟೆ ಮುಟ್ಟಿ ನೋಡಿದಳು.

"ಹುಡುಗ ಎಲ್ಲಿಯಾಂವ ಬೇ? ನನಗೂ ಹೇಳಂಗಿಲ್ಲೇನು?"

ನಾನು ಬಾಯಿ ತೆಗೆದೆ. ಅವ್ವ ತೋಳು ಚಿವುಟಿದಳು. ಸೀಟು ಕೈಗೆ ಬರುವ ಮೊದಲು ಬಾಯಿಬಿಟ್ಟರೆ ದೃಷ್ಟಿಯಾಗುತ್ತದೆ ಅಂತ ಅವಳ ಹೆದರಿಕೆ.

"ಎಲ್ಲಾ ಆಗ್ಲಿ ಆಯಿ, ಆಮ್ಯಾಲ ಹೇಳ್ತೇನಿ" ಎಂದು ನಕ್ಕಳು.

ಸಂಜೆಯ ಹೊತ್ತಿಗೆ ಓಣಿಯವರ ಬಾಯಲ್ಲಿ ಹುಡುಗ ನವಲಗುಂದದವನಂತೆ, ಬ್ಯಾಂಕಿನಲ್ಲಿ ನೌಕರಿಯಂತೆ. ಕಾರೂ ಇದೆಯಂತೆ! ಯಾರಪ್ಪ ಇವನು, ನನಗೂ ನೋಡಬೇಕೆನಿಸಿತು.

ಆಗಸ್ಟ್ 18, ಸೋಮವಾರ

ಲಿಸ್ಟ್ ಬಂತು. ಸೀಟು ಬೆಳಗಾವಿಯ ಹುಡುಗನೊಬ್ಬನಿಗೆ. ನನ್ನದು ವೇಟಿಂಗ್ ಒಂದು.

"ಒಂದ ನಂಬರ್ ಅಂದ್ರ ಫಸ್ಟ್ ಬಂದಂಗಲ್ಲೇನು?" ಅಪ್ಪನ ಪ್ರಶ್ನೆ.

"ಅಲ್ಲಪಾ, ಮುಂದಿನಾಂವ ಬಿಟ್ರ ನನಗ."

"ಬಿಡ್ತಾನ ತಗೋ." ದಬ್ಬಣಕ್ಕೆ ದಾರ ಪೋಣಿಸಿದ.

ಆ ಹುಡುಗನಿಗೆ ಬೇರೆ ಎಲ್ಲಾದರೂ ಇದಕ್ಕಿಂತ ಒಳ್ಳೆಯ ಸೀಟು ಸಿಗಲಿ ಅಂತ ದುವಾ ಮಾಡಿದೆ. ಮುಖ ನೋಡದವನಿಗೆ ಇಷ್ಟು ಒಳ್ಳೆಯದು ಬಯಸಿದ್ದು ಇದೇ ಮೊದಲು.

ಆಗಸ್ಟ್ 20

ಬಸ್ಸು. ಗೇಟು. ಏನೂ ಇಲ್ಲ.

ಆಗಸ್ಟ್ 21, ಗುರುವಾರ, ಸಂಜೆ

ಬೆಳಗಾವಿ ಹುಡುಗ ಬಿಟ್ಟನಂತೆ. ಮಧ್ಯಾಹ್ನ ಆಫೀಸಿನಿಂದ ಫೋನು ಬಂದಿತ್ತು. ಕ್ಲಾಸಿನಲ್ಲಿದ್ದೆ, ನನ್ನದು ಸ್ವಿಚ್ ಆಫ್. ಅಪ್ಪನ ನಂಬರಿಗೆ ಮಾಡಿದ್ದಾರೆ. ಅಪ್ಪ ಮೊಬೈಲು ಕಟ್ಟೆಯ ಮೇಲಿಟ್ಟು ನಮಾಜಿಗೆ ಹೋಗಿದ್ದ. ಅವ್ವ ನೀರಿಗೆ. ಎತ್ತಿದವಳು ದುಂಡವ್ವ ಆಯಿ. ನಾನು ಬಸ್ಸಿಳಿದು ಬರುವುದನ್ನೇ ಕಾಯುತ್ತಿದ್ದಳು, ಮುಖದ ತುಂಬ ನಗು.

"ಯಾರೋ ಕಾಲೇಜಿನಾಕಿ. ರುಬಿಯಾ ಬರ್ತಾಳೇನ್ರಿ, ಸೀಟ್ ಐತಿ ಅಂದ್ಲು. ಎಲ್ಲೀದ್ರಿ, ನಮ್ಮ ಹುಡುಗಿ ಲಗ್ನ ಗೊತ್ತಾಗೇತಿ, ಇನ್ನ ಬರಂಗಿಲ್ಲ ಅಂದೆ. ಚೊಲೊ ಹೇಳೇನಿಲ್ಲೋ?"

ಆಫೀಸಿಗೆ ತಿರುಗಿ ಫೋನು ಮಾಡಿದೆ.

"ಬರಂಗಿಲ್ಲ ಅಂದ್ರಲ್ಲವಾ ನಿಮ್ಮ ಮನ್ಯಾಗ. ಎರಡನೇ ನಂಬರಿನಾಕಿಗೆ ಕೊಟ್ಟೇವಿ. ನಾಳೆ ನಾಕರತನಕ ಟೈಮ್ ಐತಿ ಅಕೀಗೆ. ಬರಲಿಲ್ಲಂದ್ರ ನಿನಗ. ಬಂದು ಕುಂದ್ರು ಬೇಕಾದ್ರ."

ಆಯಿಗೆ ಏನನ್ನಲಿ? ಅವ್ವ ಹೊಲಕ್ಕೆ ಹೋದಾಗೆಲ್ಲ ನನಗೆ ಉಣ್ಣಿಸಿದ ಕೈ. ವಿಷಯ ತಿಳಿದ ಮೇಲೆ ಅವಳೇ ಗೋಡೆಗೆ ಒರಗಿ ಕೂತುಬಿಟ್ಟಳು. ನಾವು ಮೊದಲೇ ಹೇಳಬೇಕಿತ್ತು ಅಂತ ಅಪ್ಪ ಒಂದೇ ಮಾತು ಅಂದ. ಅವ್ವ ಉಣ್ಣಲಿಲ್ಲ. ನನಗೆ ಜೋರಾಗಿ ಅಳಬೇಕೆನಿಸುತ್ತದೆ. ಅತ್ತರೆ ಗೋಡೆಯಾಚೆ ಆಯಿಗೆ ಕೇಳಿಸುತ್ತದೆ.

ಆಗಸ್ಟ್ 22, ಶುಕ್ರವಾರ — ಊರಿಗೆ ಮರಳುವ ಬಸ್ಸು

ಬೆಳಿಗ್ಗೆಯಿಂದ ಗೇಟಿನ ಒಳಗಿನ ಬೆಂಚಿನಲ್ಲಿ ಕೂತಿದ್ದೆವು, ಅಪ್ಪ ಮತ್ತು ನಾನು. ಮೂರು ಹೊಡೆಯಿತು. ಯಾರೂ ಇಲ್ಲ. ಅಪ್ಪ ಚಹಾ ತಂದ, ನಿನ್ನೆಯಿಂದ ಮೊದಲ ಸಲ ನಕ್ಕ. ನನಗೆ ಎಷ್ಟು ಖುಷಿಯಾಯಿತೆಂದರೆ — ಯಾರೋ ಬಾರದೇ ಇದ್ದುದಕ್ಕೆ ಇಷ್ಟು ಖುಷಿ!

ನಾಲ್ಕಕ್ಕೆ ಸ್ವಲ್ಪ ಮೊದಲು ಒಂದು ಆಟೋ. ಒಬ್ಬ ಹುಡುಗಿ ಇಳಿದಳು, ಒಬ್ಬಳೇ, ಏದುಸಿರು. ಸೀದಾ ನನ್ನ ಹತ್ತಿರವೇ ಬಂದಳು.

"ಅಕ್ಕಾರ, ಸೆಕೆಂಡ್ ಇಯರ್ ಅಡ್ಮಿಷನ್ ಎಲ್ಲೈತ್ರಿ? ಎಲೆಕ್ಟ್ರಾನಿಕ್ಸ್. ಬಸ್ ಕೆಟ್ಟು ನಿಂತಿತ್ರಿ ದಾರ್‍ಯಾಗ… ನಾಕಕ್ಕ ಬಂದ್ ಮಾಡ್ತಾರಂತ."

ಆ ಆಫೀಸಿಗೆ ಬೋರ್ಡಿಲ್ಲ. ಕಟ್ಟಡದ ಹಿಂದೆ, ಮೆಟ್ಟಿಲ ಕೆಳಗೆ. ಹೊಸಬರು ಸುತ್ತಿ ಸುತ್ತಿ ಸಾಯಬೇಕು. ಗೊತ್ತಿಲ್ಲ ಅಂದಿದ್ದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಆ ಮಾತು, ನಿಜವಾಗಿಯೂ ಬಂದಿತ್ತು. ಅಪ್ಪ ನನ್ನನ್ನೇ ನೋಡುತ್ತಿದ್ದ.

"ಬಾ" ಅಂದೆ. ಕೈ ಹಿಡಿದು ಓಡಿದೆ. ಅವಳ ಚಪ್ಪಲಿ ಕಿತ್ತಿತು, ಬಿಟ್ಟು ಓಡಿದಳು. ಮೇಡಂ ಬಾಗಿಲು ಎಳೆಯುತ್ತಿದ್ದರು.

"ಮೇಡಂ, ಒಂದ ನಿಮಿಷ ತಡೀರಿ!" ಕೂಗಿದವಳು ನಾನೇ.

ಅವಳು ಒಳಗೆ ಹೋದಳು. ನಾನು ಅವಳ ಕಿತ್ತ ಚಪ್ಪಲಿ ತಂದು ಬಾಗಿಲ ಬಳಿ ಇಟ್ಟು, ಸೀಟು ಅವಳದಾಯಿತೆಂದು ಅಪ್ಪನಿಗೆ ಹೇಳಿ, ಹೂವಿನ ಗಾದಿಯಿರುವ ಮನೆಯ ಕಡೆ ಬಸ್ಸು ಹತ್ತಿದೆ.