ಹಾಕುಸಾನ್ ಬೆಟ್ಟದ ಕಾರ್ಡಿನಲ್ಲಿ ಎರಡು ಹೆಸರು

...ಅಲ್ಲ, ಹಾಗಲ್ಲ. ಸಾರಿ ವೇದಾ, ಮತ್ತೆ ಮೊದಲಿಂದ ಶುರು ಮಾಡ್ತಿದೀನಿ. ಆಗ್ಲೇ ಮೂರು ವಾಯ್ಸ್ ನೋಟ್ ಡಿಲೀಟ್ ಮಾಡಿದೆ. ಇವತ್ತು ಜೂನ್ ಹದಿನೈದು, ಭಾನುವಾರ. ಹಾಕುಸಾನ್ ಬುಡದ ಆಫೀಸ್ ಹೊರಗಡೆ ಬೆಂಚ್ ಮೇಲೆ ಕೂತಿದೀನಿ.

ಪೊಲೀಸ್ ನಿಂಗ್ಯಾಕೆ ಫೋನ್ ಮಾಡಿದ್ರು ಅಂತ ಹೇಳ್ಬೇಕಲ್ಲ. ಇಲ್ಲಿ ಹತ್ತೋ ಮುಂಚೆ ಒಂದು ಕಾರ್ಡ್ ತುಂಬಬೇಕು, ಯಾರ್‍ಯಾರು ಹೋಗ್ತಿದೀರಿ, ಅವರ ಫೋನ್ ನಂಬರ್ ಏನು ಅಂತ. ಇಳಿದ ಮೇಲೆ ವಾಪಸ್ ಬಂದ್ವಿ ಅಂತ ಇನ್ನೊಂದು ಚೀಟಿ. ನಾನು ಉಮಾಶಂಕರ್ ಅಂತ ಬರೆದೆ, ಕೆಳಗೆ ವೇದವಲ್ಲಿ ಅಂತಾನೂ ಬರೆದೆ. ಹದಿನೆಂಟು ವರ್ಷ ಈ ಜಪಾನಲ್ಲಿ ವಾರ್ಡ್ ಆಫೀಸು, ವೀಸಾ, ಮನೆ ಕರಾರು, ಎಲ್ಲದರಲ್ಲೂ ನಿನ್ನ ಹೆಸರು ನಾನೇ ಬರೀತಿದ್ದಿದ್ದಲ್ವಾ. ಕೈ ತಾನಾಗೇ ಬರೀತು. ನಾವು ಬೇರೆ ಇದ್ದು ಎರಡು ವರ್ಷ ಆಯ್ತು ಅಂತ ಕೈಗೇನು ಗೊತ್ತು?

ಮೇಲೆ ಇನ್ನೂ ಹಿಮ. ಸಮುದ್ರದ ಕಡೆಯಿಂದ ಮೋಡ ನುಗ್ಗಿ, ಶಿಖರದ ಕಲ್ಲು ಮುಟ್ಟಿದ್ರೂ ಕಲ್ಲು ಕಾಣ್ತಿರ್ಲಿಲ್ಲ. ನೀನು ಕಳಿಸಿದ ಡಿವೋರ್ಸ್ ಪೇಪರ್ ಬಗ್ಗೆ ಅಲ್ಲಿ ಕೂತು ಯೋಚನೆ ಮಾಡಿ ಹೇಳ್ತೀನಿ ಅಂದಿದ್ನಲ್ಲ. ಏನೂ ಹೊಳೀಲಿಲ್ಲ. ಮುಂದಿನ ಹೆಜ್ಜೆ ಎಲ್ಲಿಡೋದು ಅನ್ನೋದೊಂದೇ ಯೋಚನೆ.

ಇಳಿದವನು ನನ್ನೊಬ್ಬನ ಚೀಟಿ ಹಾಕಿ ಬಿಸಿನೀರ ಸ್ನಾನಕ್ಕೆ ಹೋದೆ, ಫೋನ್ ಲಾಕರಲ್ಲಿಟ್ಟು. ಹೊರಗೆ ಬಂದ್ರೆ ನಾಲ್ಕು ಜನ ಹಗ್ಗ ಹೆಗಲಿಗೇರಿಸಿ ನಿಂತಿದಾರೆ, ಹಿಮದಲ್ಲಿ ನಿನ್ನನ್ನ ಹುಡುಕೋಕೆ! ಅಷ್ಟರಲ್ಲಿ ಇಲ್ಲಿನ ಪೊಲೀಸು, ಮೋರಿತಾ-ಸಾನ್, ನಿಂಗೇ ಫೋನ್ ಹಚ್ಚಿ "ಎಲ್ಲಿದೀರಿ, ಗಾಯ ಆಗಿದ್ಯಾ?" ಅಂತ ಕೇಳಿದ್ರಂತೆ. ನೀನು "ತೊಯೋಸುನಲ್ಲಿ ತರಕಾರಿ ಅಂಗಡೀಲಿ ಬೆಂಡೆಕಾಯಿ ಆರಿಸ್ತಿದೀನಿ" ಅಂದ್ಯಂತೆ. ಆ ನಾಲ್ವರಿಗೂ ಬಗ್ಗಿ ಬಗ್ಗಿ ಸುಮಿಮಾಸೆನ್, ತಪ್ಪಾಯ್ತು ಅಂತ ಹೇಳಿ ನನ್ನ ಸೊಂಟ ಬಿದ್ದೋಯ್ತು.

ಆಮೇಲೆ ನೀನು ನಂಗೆ ಫೋನ್ ಮಾಡಿ ಅಂದ್ಯಲ್ಲ, "ರೀ, ಬೆಟ್ಟ ಹತ್ತಿಸೋ ಮುಂಚೆಯಾದ್ರೂ ನನ್ನನ್ನೊಂದು ಮಾತು ಕೇಳ್ಬಾರ್ದಾ?" ಅಂತ. ನಾನು ನಕ್ಕುಬಿಟ್ಟೆ. ನಗಬಾರದಿತ್ತು. ನಿನ್ನ ಮೈಸೂರಿನ ಕಾಲೇಜ್ ಕೆಲಸ ಬಿಡಿಸಿದಾಗ ನಿನ್ನನ್ನ ಕೇಳ್ಲಿಲ್ಲ. ಇನ್ನೈದು ವರ್ಷ ಜಪಾನಲ್ಲೇ ಇರ್ತೀವಿ ಅಂತ ಕಂಪ್ನಿಗೆ ಹೂಂ ಅಂದಾಗ್ಲೂ ಕೇಳ್ಲಿಲ್ಲ.

ಇನ್ನೊಂದು. ಕೈ ತಾನಾಗೇ ಬರೀತು ಅಂದ್ನಲ್ಲ, ಅದು ಸುಳ್ಳು ವೇದಾ. ಪೆನ್ ಎತ್ತಿ ಒಂದು ನಿಮಿಷ ನಿಂತಿದ್ದೆ. ಹಿಂದೆ ಕ್ಯೂ ಇತ್ತು. ಒಬ್ಬನೇ ಅಂತ ಬರೆಯೋಕೆ ಆಗ್ಲಿಲ್ಲ.

ಮೋರಿತಾ-ಸಾನ್ ಕರೀತಿದಾರೆ. ನಾನೇ ಒಳಗೆ ಹೋಗಿ ಕಾರ್ಡ್ ತಿದ್ದಿ ಕೊಡ್ಬೇಕಂತೆ. ಹಾಯ್, ಹಾಯ್, ಹೂಂ, ಬಂದೆ... ವೇದಾ, ನಿನ್ನ ಪೇಪರ್ ನನ್ನ ಬ್ಯಾಗಲ್ಲೇ ಇದೆ. ಏಪ್ರಿಲಲ್ಲೇ ಸೈನ್ ಹಾಕಿದ್ದೆ, ಪೋಸ್ಟ್ ಮಾಡಿರ್ಲಿಲ್ಲ. ನಾಳೆ ಮಾಡ್ತೀನಿ. ಇಡ್ತೀನಿ.